ಮಂತ್ರಿಗೆ ಮೀಸಲಿಟ್ಟ ಕಕ್ಕಸ್ಸು

ಮಂತ್ರಿ ಬರ್ತಾನೆ ಅಂತ ನನ್ನ ಕಕ್ಕಸ್ಸಿಗೆ ಬಣ್ಣ ಹೊಡೆದ್ರು. ಹೊರಗಡೆ ಮಾತ್ರ.

ನನ್ನ ಕಕ್ಕಸ್ಸು ಅಂದ್ರೆ ನಮ್ಮನೆಯದಲ್ಲ. ನಮ್ಮನೇಲಿ ಅದಿಲ್ಲ. ಶಿವಮೊಗ್ಗದಲ್ಲಿ ದೊಡ್ಡ ಮೈದಾನದ ಪಕ್ಕ ಇರೋ ಸಾರ್ವಜನಿಕ ಶೌಚಾಲಯ. ಅದನ್ನ ತೊಳೆಯೋಳು ನಾನು. ಹೆಸರು ಶಂಕರಮ್ಮ. ಊರು ಭದ್ರಾವತಿ. ದಿನಾ ಬೆಳಗ್ಗೆ ಬಸ್ಸು ಹತ್ತಿ ಬರ್ತೀನಿ, ಸಂಜೆ ಬಸ್ಸು ಹತ್ತಿ ಹೋಗ್ತೀನಿ. ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ರೂ ಕೆಲವರು ನಿಂತೇ ಬರ್ತಾರೆ. ಫಿನಾಯಿಲ್ ವಾಸನೆ ಅಂತಾರೆ. ಇರ್ಲಿ.

ನನ್ನ ಗಂಡ ಚೌಡಯ್ಯ ಕಾರ್ಖಾನೇಲಿ ಕಂಟ್ರಾಕ್ಟ್ ಕೂಲಿ ಆಗಿದ್ದ. ಕೆಲಸ ನಿಂತ ಮೇಲೆ ಮನೇಲಿ ಕೂತ. ಪ್ರತಿ ಎಲೆಕ್ಷನ್ನಿಗೂ ಒಬ್ಬ ಬಂದು ಕಾರ್ಖಾನೆಗೆ ಜೀವ ಕೊಡ್ತೀನಿ ಅಂತಾನೆ. ಒಂದ್ಸಲ ಈ ಪಾರ್ಟಿಯವನು, ಇನ್ನೊಂದ್ಸಲ ಆ ಪಾರ್ಟಿಯವನು. ಮಾತು ಒಂದೇ, ಶಾಲಿನ ಬಣ್ಣ ಬೇರೆ. ಚೌಡಯ್ಯ ಮೊದಮೊದಲು ಓಡೋಡಿ ಹೋಗಿ ಕೇಳ್ತಿದ್ದ, ಚಪ್ಪಾಳೆ ಹೊಡೀತಿದ್ದ. ಈಗ ಮೈಕಿನ ಸದ್ದು ಬಂದ್ರೆ ಎದ್ದು ಕಿಟಕಿ ಹಾಕ್ತಾನೆ.

ನನ್ನ ಕಕ್ಕಸ್ಸಿನಲ್ಲಿ ನೀರಿಲ್ಲ. ರಸ್ತೆ ಚಂದ ಮಾಡ್ತೀವಿ ಅಂತ ಅಗೆದ್ರು, ಪೈಪು ಒಡೀತು. ರಸ್ತೆ ಚಂದ ಆಯ್ತು. ಪೈಪು ಒಡೆದ ಹಾಗೇ ಇದೆ. ಎದುರಿಗಿರೋ ಹೋಟೆಲಿನ ಹಿಂದೆ ಒಂದು ನಲ್ಲಿ ಇದೆ. ಅದನ್ನ ನಾನು ಮುಟ್ಟೋ ಹಾಗಿಲ್ಲ. ಪಾತ್ರೆ ತೊಳೆಯೋನು ಬಂದು ತಿರುಗಿಸ್ಬೇಕು, ನಾನು ಕೊಡ ಇಟ್ಟು ದೂರ ನಿಲ್ಬೇಕು. "ಕಕ್ಕಸ್ಸಿನದು, ನಲ್ಲಿಗೆ ತಗುಲಿಸ್ಬೇಡ" ಅಂತಾರೆ. ಕೊಡಕ್ಕೆ ಹೇಳೋದೋ ನನಗೆ ಹೇಳೋದೋ ಅಂತ ನಾನು ಕೇಳಿಲ್ಲ. ಗೊತ್ತಿರೋದನ್ನ ಏನು ಕೇಳೋದು.

ಸೊಂಟದಲ್ಲಿ ಒಂದು ಕೊಡ, ಕೈಯಲ್ಲಿ ಒಂದು. ಗಾಡಿಗಳ ಮಧ್ಯೆ ರಸ್ತೆ ದಾಟ್ಬೇಕು. ಹಾರನ್ ಹೊಡೀತಾರೆ, ಬೈತಾರೆ. ಕೈಗೆ ಹಾಕೋ ಗ್ಲೌಸ್ ಯಾವಾಗಲೋ ಹರಿದುಹೋಯ್ತು, ಇನ್ನೊಂದು ಜೊತೆ ಬರಲಿಲ್ಲ. ಆಸಿಡ್ಡು ಬೆರಳಿನ ಸಂದಿ ತಿಂದುಬಿಟ್ಟಿದೆ. ಗುಂಡಿ ಕಟ್ಟಿಕೊಂಡ್ರೆ ಕೋಲು ಹಾಕ್ತೀನಿ. ಕೋಲಿಗೆ ಬಗ್ಗದಿದ್ರೆ ಕೈ ಹಾಕ್ತೀನಿ. ಮಧ್ಯಾಹ್ನ ಅದೇ ಕೈಯಲ್ಲಿ ಉಣ್ಬೇಕು. ಸೋಪು ಹಾಕಿ ಎಷ್ಟು ಉಜ್ಜಿದ್ರೂ ಮೂಗು ಮರೆಯಲ್ಲ.

ಅಂಥ ಕಡೆ ಬಣ್ಣದವರು ಬಂದ್ರು. ಗೋಡೆಗೆ ಒಂದು ಹೆಂಗಸಿನ ಚಿತ್ರ ಬರೆದ್ರು. ನಗ್ತಾ ನಿಂತಿದಾಳೆ, ಪಕ್ಕದಲ್ಲಿ ನಲ್ಲಿ, ನಲ್ಲಿಯಿಂದ ನೀಲಿ ನೀರು ಸುರೀತಾ ಇದೆ. ಮೇಲೆ ದೇಶದ ಹೆಸರು ಹಾಕಿ ಏನೋ ಬರೆದ್ರು. ಆ ಇಡೀ ಕಟ್ಟಡದಲ್ಲಿ ನೀರು ಇದ್ದದ್ದು ಅದೊಂದೇ ಗೋಡೇಲಿ.

ಕಾರ್ಪೊರೇಷನ್ನಿನ ಹೆಲ್ತ್ ಇನ್‌ಸ್ಪೆಕ್ಟರು ನರಸಿಂಹಮೂರ್ತಿ ಮೂಗಿಗೆ ಕರ್ಚೀಫ್ ಹಿಡ್ಕೊಂಡು ಬಂದು ನೋಡಿದ. ಒಂದು ಕೋಣೇಲಿ ಹೊಸ ಕಮೋಡ್ ಕೂರಿಸಿದ್ರು. ಕನ್ನಡಿ ಹಾಕಿದ್ರು. ಬಿಳೀ ಟವೆಲ್ಲು ಇಟ್ರು.

"ನೋಡು ಶಂಕರಮ್ಮ, ಸಾಹೇಬ್ರಿಗೆ ವಯಸ್ಸಾಗಿದೆ. ಸ್ಟೇಜಿಂದ ಇಳಿದ ಕೂಡ್ಲೇ ಅರ್ಜೆಂಟ್ ಆಗ್ಬೋದು. ಹತ್ರ ಇರೋದು ಇದೊಂದೇ. ಫಳಫಳ ಅನ್ಬೇಕು."

"ನೀರು ಸಾರ್?"

"ಡ್ರಮ್ ತುಂಬ್ಸು."

"ಎಲ್ಲಿಂದ ತರ್ಲಿ?"

"ದಿನಾ ಎಲ್ಲಿಂದ ತರ್ತೀಯೋ ಅಲ್ಲಿಂದ. ಇಷ್ಟು ವರ್ಷ ಇಲ್ದೇ ಇರೋ ಪ್ರಶ್ನೆ ಇವತ್ತು ಯಾಕೆ?"

ಮೀಟಿಂಗಿನ ದಿನ ಮೈದಾನಕ್ಕೆ ಟ್ಯಾಂಕರ್ ಬಂತು. ನಾನು ಕೊಡ ತಗೊಂಡು ಓಡಿದೆ. ಡ್ರೈವರ್ ಕೈ ಅಡ್ಡ ಹಿಡಿದ.

"ಇದು ಧೂಳಿಗೆ ತಂದಿರೋ ನೀರಮ್ಮ. ಕೊಡೋ ಹಾಗಿಲ್ಲ."

"ಧೂಳಿಗೆ ಬಾಯಾರಿಕೇನಾ?"

"ಸಾಹೇಬ್ರು ನಡೆಯೋ ದಾರೀಲಿ ಧೂಳು ಎದ್ರೆ ನನ್ನ ಕೆಲಸ ಹೋಗುತ್ತೆ. ನೀನು ಕೊಡ್ತೀಯಾ ಕೆಲಸ?"

ಅವನು ಪೈಪು ಬಿಟ್ಟ. ಒಳ್ಳೇ ನೀರು. ಮಣ್ಣು ಕುಡೀತು. ನಾನು ಖಾಲಿ ಕೊಡ ಹಿಡ್ಕೊಂಡು ನೋಡಿದೆ. ಆಮೇಲೆ ಹೋಟೆಲಿಗೂ ಕಕ್ಕಸ್ಸಿಗೂ ನಡೆದೆ, ನಡೆದೆ. ಡ್ರಮ್ ತುಂಬೋ ಹೊತ್ತಿಗೆ ಸೊಂಟ ಕಿತ್ತು ಬರ್ತಿತ್ತು. ನರಸಿಂಹಮೂರ್ತಿ ಕಟ್ಟಡದ ಬಾಗಿಲಿಗೇ ಹೊಸ ಬೀಗ ಹಾಕಿದ. ಬೀಗದ ಕೈ ನನಗೆ ಕೊಟ್ಟ.

"ಸಾಹೇಬ್ರು ಬರೋ ತನಕ ಒಂದು ನರಪಿಳ್ಳೆನೂ ಒಳಗೆ ಹೋಗ್ಬಾರ್ದು. ನೀನೂ ಅಷ್ಟೆ. ಅವರು ಹೋದ್ಮೇಲೆ ಒರೆಸು."

ಕಾವಲಿಗೆ ಒಬ್ಬಳು ಹುಡುಗಿ ಪೊಲೀಸ್ ನಿಲ್ಲಿಸಿದ್ರು. ಅಮೂಲ್ಯ ಅಂತ ಎದೆ ಮೇಲೆ ಹೆಸರಿತ್ತು. ಹೊಸ ಬೂಟು, ಹಿಮ್ಮಡಿ ಕಚ್ತಿತ್ತೇನೋ, ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಾ ನಿಂತಿದ್ಲು.

ಬಸ್ಸುಗಳು ಬಂದ್ವು. ಭದ್ರಾವತಿಯಿಂದ, ಸುತ್ತಲ ಹಳ್ಳಿಗಳಿಂದ ಹೆಂಗಸರನ್ನ ತುಂಬಿಕೊಂಡು ಬಂದಿದ್ರು. ನಮ್ಮ ಬೀದಿಯವರ ಬಸ್ಸನ್ನ ದಾರೀಲಿ ಮಲವಗೊಪ್ಪದ ಹತ್ರ ತಡೆದು ಬಿಸಿಲಲ್ಲಿ ಕಾಯಿಸಿದ್ರಂತೆ. ಒಟ್ಟಿಗೆ ಬಂದ್ರೆ ಜನ ಜಾಸ್ತಿ ಕಾಣ್ತಾರಲ್ಲ, ಅದಕ್ಕೆ. ಇಳಿಯೋಕೂ ಬಿಡಲಿಲ್ಲವಂತೆ. ಹಾಗೇ ತಂದು ಕುರ್ಚೀಲಿ ಕೂರಿಸಿದ್ರು. ಮುಂದಿನ ಸಾಲಲ್ಲಿ ನಮ್ಮ ಪಕ್ಕದ ಮನೆ ವಿಮಲಮ್ಮ ಇದ್ಲು.

ವಿಮಲಮ್ಮ ತಮಿಳಿನವಳು. ಕಾರ್ಖಾನೆ ಕೆಲಸಕ್ಕೆ ಅಂತ ಅವಳ ಅಪ್ಪನ ಕಾಲದಲ್ಲೇ ಭದ್ರಾವತಿಗೆ ಬಂದವರು. ಗಂಡ ಸತ್ತಿದಾನೆ, ಮೈಯಲ್ಲಿ ಶುಗರ್ ಇದೆ. ವಿಧವಾ ಪಿಂಚಣಿ ಬರ್ತಿತ್ತು, ಒಂದು ದಿನ ನಿಂತುಹೋಯ್ತು. ಕಚೇರಿಗೆ ಹೋದ್ರೆ ಕಂಪ್ಯೂಟರಲ್ಲಿ ನಿನ್ನ ಬೆರಳು ಬರ್ತಿಲ್ಲ ಅಂದ್ರು. ಜನ್ಮವಿಡೀ ಕಂಡವರ ಮನೆ ಪಾತ್ರೆ ಉಜ್ಜಿದ ಬೆರಳು, ಗೆರೆ ಎಲ್ಲಿಂದ ಬರ್ಬೇಕು? ಪಾರ್ಟಿಯ ಶಿವರಾಜ್ ಬಂದು, "ಮೀಟಿಂಗಿಗೆ ಬಾಮ್ಮ, ಮುಂದಿನ ಸಾಲಲ್ಲಿ ಕೂರ್ಸ್ತೀನಿ, ಸಾಹೇಬ್ರ ಕೈಲೇ ಹೇಳಿಸ್ತೀನಿ" ಅಂದಿದ್ದ. ಅದಕ್ಕೆ ಬಂದಿದ್ಲು. ಮದುವೆಗೆ ಉಡೋ ಸೀರೆ ಉಟ್ಕೊಂಡು ಬಂದಿದ್ಲು.

ಮಂತ್ರಿ ಬರಲಿಲ್ಲ. ಬಿಸಿಲು ಏರ್ತು. ಮೈಕಲ್ಲಿ ದೇಶಭಕ್ತಿ ಹಾಡು ಹಾಕಿದ್ರು, ಮತ್ತೆ ಅದನ್ನೇ ಹಾಕಿದ್ರು. ಯಾರೋ ಹೇಳಿದ್ರು, ಮಂತ್ರಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿದಾನೆ, ಆನೆಗೆ ಬೆಲ್ಲ ತಿನ್ನಿಸಿ ಫೋಟೋ ತೆಗೆಸ್ಕೊಂಡು ಬರ್ತಾನೆ ಅಂತ. ಆನೆ ಪುಣ್ಯ ಮಾಡಿತ್ತು. ಅದಕ್ಕೆ ಪಕ್ಕದಲ್ಲೇ ಹೊಳೆ ಇದೆ. ಬಂದ ಜಾಗದಲ್ಲಿ ಹೊಯ್ದರೂ ಕೇಳೋರಿಲ್ಲ.

ಹೆಂಗಸರು ಒಬ್ಬೊಬ್ಬರೇ ಎದ್ದು ನನ್ನ ಹತ್ರ ಬರೋಕೆ ಶುರು ಮಾಡಿದ್ರು. ಬಸುರಿ ಒಬ್ಬಳು. ಮುದುಕಿಯರು. ಮಗು ಎತ್ಕೊಂಡವರು. ಅಮೂಲ್ಯ ಎಲ್ಲರಿಗೂ "ಇಲ್ಲ, ಹೋಗಿ, ವಿಐಪಿ" ಅಂತಿದ್ಲು. ಗಂಡಸರಿಗೇನು, ಮೈದಾನದ ಕಾಂಪೌಂಡ್ ಪೂರ್ತಿ ಅವರದೇ. ಶಾಲು ಹೆಗಲ ಮೇಲೆ ಎಸೆದು ಸಾಲಾಗಿ ನಿಂತು ಹೊಯ್ತಿದ್ರು. ದೇಶ ಕಾಯೋ ಮುಖಗಳು.

ಸ್ವಲ್ಪ ಹೊತ್ತಾದ ಮೇಲೆ ಅಮೂಲ್ಯ ನನ್ನ ಕಿವಿ ಹತ್ರ ಬಂದು, "ಅಮ್ಮಾ, ನಾನೂ ಬೆಳಗ್ಗೆ ಹೊತ್ತು ಮೂಡೋ ಮುಂಚೆ ಬಂದವಳು. ಒಂದು ಹನಿ ನೀರು ಕುಡಿದಿಲ್ಲ. ಕುಡಿದ್ರೆ ಎಲ್ಲಿಗೆ ಹೋಗ್ಲಿ?" ಅಂದ್ಲು.

ಬೀಗದ ಕೈ ನನ್ನ ಸೊಂಟದಲ್ಲಿ ಚುಚ್ತಿತ್ತು.

ವಿಮಲಮ್ಮ ಬಂದ್ಲು. ಮುಖ ಬೆವರಿತ್ತು. ಕಾಲು ಕಾಲಿಗೆ ಒತ್ಕೊಂಡು ನಿಂತ್ಲು.

"ಮುಡಿಯಲೆ ಶಂಕರಿ. ಆಗ್ತಿಲ್ಲ. ಬಾಗಿಲು ತೆಗಿ."

"ಅಕ್ಕ, ಇನ್ನೊಂದು ಚೂರು ತಡ್ಕೋ. ಅವನು ಬಂದು ಹೋಗ್ಲಿ."

"ಶುಗರಿಗೆ ತಡ್ಕೋ ಅಂದ್ರೆ ಕೇಳುತ್ತಾ ಶಂಕರಿ?"

ಅಷ್ಟರಲ್ಲಿ ಸೈರನ್ ಕೇಳಿಸ್ತು. ಶಿವರಾಜ್ ಓಡಿ ಬಂದ. "ಏ ಅಮ್ಮ, ಇಲ್ಲೇನು ಮಾಡ್ತಿದೀಯಾ? ಮುಂದಿನ ಸಾಲು ಖಾಲಿ ಕಾಣುತ್ತೆ, ನಡಿ ನಡಿ" ಅಂತ ಅವಳ ರಟ್ಟೆ ಹಿಡ್ಕೊಂಡು ಎಳೆದ್ಕೊಂಡು ಹೋದ. ಕುರ್ಚೀಲಿ ಕೂರಿಸಿದ. ಕೈಗೆ ಬಾವುಟ ಕೊಟ್ಟ.

ಮಂತ್ರಿ ಬಂದ. ಎಲ್ಲರೂ ಎದ್ದು ನಿಲ್ಲಿ ಅಂದ್ರು. ಎಲ್ಲರೂ ಎದ್ರು. ವಿಮಲಮ್ಮನೂ ಎದ್ದಳು.

ಎದ್ದಾಗ ಅವಳಿಗೆ ತಡೆಯೋಕೆ ಆಗಲಿಲ್ಲ.

ನಾನು ದೂರದಿಂದ ನೋಡಿದೆ. ಸೀರೆ ಒದ್ದೆ ಆಯ್ತು. ಕುರ್ಚಿ ಕೆಳಗೆ ನೀರು ಹರೀತು. ಅವಳು ಕೈಯಲ್ಲಿದ್ದ ಬಾವುಟ ಎಲ್ಲಿಡ್ಬೇಕು ಗೊತ್ತಾಗದೆ ಹಿಡ್ಕೊಂಡೇ ನಿಂತಿದ್ಲು. ಅಕ್ಕಪಕ್ಕದವರು ಸರಿದ್ರು. ಶಾಲು ಹಾಕಿದ್ದ ಹುಡುಗರು ನಕ್ಕರು. ಒಬ್ಬ ಫೋನ್ ಎತ್ತಿ ಹಿಡಿದ. ಶಿವರಾಜ್ ಕೂಗಿದ್ದು ನನಗೂ ಕೇಳಿಸ್ತು.

"ಥೂ! ಯಾವನ್ರೋ ಇವಳನ್ನ ಮುಂದೆ ಕೂರಿಸಿದ್ದು? ಹಿಂದಕ್ಕೆ ತಳ್ರೋ, ಕ್ಯಾಮೆರಾ ಬರ್ತಿದೆ!"

ತಳ್ಳಿದ್ರು. ತಳ್ಳಿಸ್ಕೊಂಡು ಅವಳು ಸಾಲಿನಿಂದ ಸಾಲಿಗೆ ಬಂದ್ಲು. ತಲೆ ಮೇಲೆ ಸೆರಗು ಎಳ್ಕೊಂಡಿದ್ಲು. ಅಳ್ತಿರಲಿಲ್ಲ. ಅತ್ತಿದ್ರೆ ನನಗೆ ಸಹಿಸೋಕೆ ಆಗ್ತಿತ್ತೇನೋ.

ನಾನು ಸೊಂಟದಿಂದ ಬೀಗದ ಕೈ ತೆಗೆದೆ.

ಅಮೂಲ್ಯ ನನ್ನ ಮುಖ ನೋಡಿದ್ಲು. ನಾನು ಅವಳ ಮುಖ ನೋಡಿದೆ. ಅವಳು ಮೆಲ್ಲಗೆ ಬಾಗಿಲಿಂದ ಪಕ್ಕಕ್ಕೆ ಸರಿದು ರಸ್ತೆ ಕಡೆ ತಿರುಗಿ ನಿಂತ್ಲು.

ಬೀಗ ತೆಗೆದೆ. ವಿಮಲಮ್ಮನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದೆ. ಮಂತ್ರಿ ಕೋಣೆಗೇ ಕರ್ಕೊಂಡು ಹೋದೆ. ಡ್ರಮ್ಮಿನ ನೀರು ಮೊಗೆದು ಅವಳ ಕಾಲು ತೊಳೆದೆ. ಸೀರೆ ಹಿಂಡಿದೆ. ಬಿಳೀ ಟವೆಲ್ಲಲ್ಲಿ ಒರೆಸಿದೆ. ಅವಳು ಗೋಡೆ ಹಿಡ್ಕೊಂಡು ನಿಂತಿದ್ಲು.

ಹೊರಗೆ ಬಂದು ಕೂಗಿದೆ. "ಬನ್ರೇ! ಯಾರಿಗೆ ಬೇಕೋ ಎಲ್ಲಾ ಬನ್ರೇ! ಬಾಗಿಲು ತೆಗೆದಿದೆ!"

ಬಂದ್ರು. ಅಬ್ಬ, ಹೇಗೆ ಬಂದ್ರು! ಕುರ್ಚಿ ಬಿಟ್ಟು ಎದ್ದರು, ಬಾವುಟ ಕೆಳಗೆ ಹಾಕಿದ್ರು. ಬಸುರಿಗೆ ದಾರಿ ಬಿಡಿ ಅಂದೆ, ಬಿಟ್ರು. ಸಾಲು ಮೈದಾನದ ಒಳಗಿನ ತನಕ ಬೆಳೀತು. ಅಮೂಲ್ಯ ಟೋಪಿ ತೆಗೆದು ನನ್ನ ಕೈಗೆ ಕೊಟ್ಟು ಮಧ್ಯದಲ್ಲಿ ನುಗ್ಗಿದ್ಲು. ಯಾರೂ ಬೈಯಲಿಲ್ಲ. ಅತ್ತ ಸ್ಟೇಜಲ್ಲಿ ದಿಲ್ಲಿ ಮಂತ್ರಿ ಹಿಂದೀಲಿ ಕೂಗ್ತಿದ್ದ, ಪಕ್ಕದಲ್ಲಿದ್ದವನು ಅದನ್ನೇ ಕನ್ನಡದಲ್ಲಿ ಕೂಗ್ತಿದ್ದ. ದೇಶ ಚಂದ್ರನ ಮೇಲೆ ಇಳಿದಿದೆ ಅಂದ. ಪ್ರಪಂಚವೇ ನಮ್ಮ ಕಡೆ ನೋಡ್ತಿದೆ ಅಂದ. ನೋಡ್ಲಿ. ಒದ್ದೆ ಕುರ್ಚಿನೂ ನೋಡ್ಲಿ.

ನರಸಿಂಹಮೂರ್ತಿ ಏದುಸಿರು ಬಿಡ್ತಾ ಬಂದ.

"ಏ ಶಂಕರಮ್ಮ! ಹುಚ್ಚು ಹಿಡೀತಾ ನಿನಗೆ? ಇವರನ್ನೆಲ್ಲ ಓಡ್ಸು! ಬೀಗ ಹಾಕು!"

"ಹಾಕಲ್ಲ ಸಾರ್."

ನನ್ನ ತೋಳು ಹಿಡಿಯೋಕೆ ಬಂದ.

"ಮುಟ್ಟಿ ಸಾರ್, ಮುಟ್ಟಿ. ಈ ಕೈ ಬೆಳಗ್ಗೆಯಿಂದ ಯಾವ್ಯಾವ ಗುಂಡೀಲಿ ಇತ್ತು ಗೊತ್ತಾ?"

ಬೆಂಕಿ ತಗುಲಿದ ಹಾಗೆ ಕೈ ಹಿಂದಕ್ಕೆ ಎಳ್ಕೊಂಡ. ಸಾಲಲ್ಲಿದ್ದ ಹೆಂಗಸರು ಗೊಳ್ಳಂತ ನಕ್ಕರು. ನನ್ನ ಮೈಲಿಗೆ ನನಗೆ ಉಪಕಾರಕ್ಕೆ ಬಂದದ್ದು ಅದೇ ಮೊದಲು. ಆದ್ರೂ ಅವನು ಕೈ ಎಳ್ಕೊಂಡ ರೀತಿ ನೋಡಿ ನನಗೆ ನಗು ಬರಲಿಲ್ಲ.

ಭಾಷಣ ಮುಗೀತು. ಕರೀ ಕನ್ನಡಕದವರು ಇಬ್ಬರು ಬಂದು ನರಸಿಂಹಮೂರ್ತಿ ಕಿವೀಲಿ ಏನೋ ಹೇಳಿದ್ರು. ಅವನ ಮುಖ ಬಿಳಚಿಕೊಂಡಿತು. ಸಾಹೇಬನಿಗೆ ಅರ್ಜೆಂಟ್ ಆಗಿತ್ತು.

ಆ ಹೊತ್ತಿಗೆ ಸಾಲು ಕರಗಿತ್ತು. ಡ್ರಮ್ಮೂ ಖಾಲಿ ಆಗಿತ್ತು. ಕಮೋಡ್ ಒಳಗೆ ಏನಿರ್ಬೇಕೋ ಅದು ಇತ್ತು. ನರಸಿಂಹಮೂರ್ತಿ ಒಳಗೆ ಇಣುಕಿ ನೋಡಿ ವಾಕರಿಸಿದ. ಆಮೇಲೆ ಬಂದವನ ದನಿ ಬೇರೆ ಆಗಿತ್ತು.

"ಶಂಕರಮ್ಮ, ನಿನ್ನ ದಮ್ಮಯ್ಯ. ಎರಡು ಕೊಡ ನೀರು ತಂದು ಹಾಕು ಮಾರಾಯ್ತಿ. ಬೇಗ. ಆಗಿದ್ದು ಆಯ್ತು, ನಾನು ಯಾರಿಗೂ ಹೇಳಲ್ಲ."

ನಾನು ಮೆಟ್ಟಿಲ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಒಂದು ದಿನವೂ ಕೂತಿರಲಿಲ್ಲ. ಸೊಂಟ ಎಲ್ಲಿ ನೋಯುತ್ತೆ ಅನ್ನೋದು ಕೂತಾಗ ಗೊತ್ತಾಯ್ತು.

"ತರಲ್ಲ."

"ಏನಂದೆ?"

"ನೀರು ಎದುರಿಗಿನ ಹೋಟೆಲಲ್ಲಿದೆ. ಕೊಡ ಇಲ್ಲಿದೆ. ಪೊರಕೆ ಮೂಲೇಲಿದೆ. ಯಾರಿಗೆ ಬೇಕೋ ಅವರು ತರ್ಲಿ. ಯಾರಿಗೆ ಅರ್ಜೆಂಟೋ ಅವರು ತೊಳೀಲಿ."

ಅವನು ಸುತ್ತಲೂ ನೋಡಿದ. ಕರೀ ಕನ್ನಡಕದವರು ಆಕಾಶ ನೋಡಿದ್ರು. ಶಿವರಾಜ್ ಫೋನ್ ನೋಡಿದ. ಯಾರೂ ಕೊಡದ ಕಡೆ ನೋಡಲಿಲ್ಲ. ಕೊನೆಗೆ ನರಸಿಂಹಮೂರ್ತಿಯೇ ಕೊಡ ಎತ್ಕೊಂಡು ರಸ್ತೆ ದಾಟಿ ಓಡಿದ. ಅವನಿಗೆ ಹೋಟೆಲಿನವರು ತಾವೇ ನಲ್ಲಿ ತಿರುಗಿಸಿಕೊಟ್ರು, ಮುಂದಿನ ಬಾಗಿಲಿಂದಲೇ ಬಿಟ್ರು. ತುಂಬಿದ ಕೊಡ ಹೊರೋಕೆ ಬರಲಿಲ್ಲ ಅವನಿಗೆ. ಎದೆಗೆ ಅವುಚಿಕೊಂಡು ಬಂದ. ಅರ್ಧ ಅಂಗಿ ಮೇಲೆ, ಅರ್ಧ ರಸ್ತೆ ಮೇಲೆ. ನಡುರಸ್ತೆಗೆ ಬರೋ ಹೊತ್ತಿಗೆ ಮಂತ್ರಿ ಕಾರು ಸೈರನ್ ಹಾಕ್ಕೊಂಡು ದುರ್ಗಿಗುಡಿ ಕಡೆ ಹೊರಟುಹೋಯ್ತು. ಎಲ್ಲಿ ಇಳಿಸಿದ್ರೋ, ಯಾರ ಮನೇಲಿ ಬಿಟ್ರೋ ಗೊತ್ತಿಲ್ಲ. ನರಸಿಂಹಮೂರ್ತಿ ಕೊಡ ತಬ್ಬಿಕೊಂಡು ಅಲ್ಲೇ ನಿಂತಿದ್ದ. ಹಿಂದಿನಿಂದ ಗಾಡಿಯವರು ಹಾರನ್ ಹೊಡೆದು ಬೈದ್ರು.

ಕೆಲಸದಿಂದ ತೆಗೆದ್ರು. ನಾನು ಕಂಟ್ರಾಕ್ಟಿನವಳು, ಬರೋದು ಬೇಡ ಅಂದ್ರೆ ಮುಗೀತು. ಅಮೂಲ್ಯಳನ್ನ ಎಲ್ಲಿಗೋ ಹಾಕಿದ್ರಂತೆ. ಕಕ್ಕಸ್ಸಿಗೆ ಮತ್ತೆ ಬೀಗ ಬಿತ್ತು, ದುರಸ್ತಿ ಅಂತ ಬೋರ್ಡು ಹಾಕಿದ್ರು. ದುರಸ್ತಿ ಮಾಡೋರು ಯಾರೂ ಬಂದಿಲ್ಲ. ನಾನೀಗ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೀತೀನಿ, ಮದುವೆ ಇದ್ದ ದಿನ ಕೆಲಸ, ಇಲ್ಲದ ದಿನ ಇಲ್ಲ. ಕೆಲಸ ಹೋದ ದಿನ ಸಂಜೆ ಚೌಡಯ್ಯನೇ ಒಲೆ ಹಚ್ಚಿ ಅನ್ನಕ್ಕಿಟ್ಟ.

ಆದ್ರೆ ವಿಮಲಮ್ಮ ಮನೆಯಿಂದ ಹೊರಗೆ ಬರಲಿಲ್ಲ. ಆ ಹುಡುಗ ಫೋನಲ್ಲಿ ಹಿಡಿದದ್ದು ಎಲ್ಲರ ಫೋನಿಗೂ ಬಂದಿತ್ತು. ಅದರ ಮೇಲೆ ನಗೋ ಗೊಂಬೆಗಳನ್ನ ಅಂಟಿಸಿದ್ರು. ಆಮೇಲೆ ಇನ್ನೊಂದು ಪಾರ್ಟಿಯವರು ಅದನ್ನೇ ಹಿಡ್ಕೊಂಡು, ನೋಡಿ ಬಡವರ ಗತಿ ಅಂತ ಮೈಕಲ್ಲಿ ಕೂಗೋಕೆ ಶುರು ಮಾಡಿದ್ರು. ಅವರೂ ಅವಳನ್ನ ಕೇಳಲಿಲ್ಲ. ಅವರಿಗೂ ಬೇಕಾಗಿದ್ದು ಆ ಒದ್ದೆ ಸೀರೆಯೇ. ನಾನು ಗಂಜಿ ಮಾಡ್ಕೊಂಡು ಹೋಗಿ ಬಾಗಿಲು ತಟ್ಟಿದ್ರೆ, "ಇಟ್ಟು ಹೋಗು ಶಂಕರಿ" ಅಂತ ಒಳಗಿಂದ ಹೇಳ್ತಿದ್ಲು.

ಗಲಾಟೆ ಜೋರಾದ ಮೇಲೆ ಒಂದು ಮಧ್ಯಾಹ್ನ ಶಿವರಾಜ್ ನಮ್ಮ ಬೀದಿಗೆ ಬಂದ. ಜೊತೆಗೆ ಫೋನ್ ಹಿಡಿಯೋನು ಒಬ್ಬ. ಕೈಯಲ್ಲಿ ಹೊಸ ಸೀರೆ, ಪ್ಲಾಸ್ಟಿಕ್ ಕವರಲ್ಲಿ. ವಿಮಲಮ್ಮನ ಬಾಗಿಲಲ್ಲಿ ನಿಂತು ದನಿ ಮೆತ್ತಗೆ ಮಾಡಿದ.

"ಅಮ್ಮಾ, ನಾನು ನಿಮ್ಮ ಮಗ ಇದ್ದ ಹಾಗೆ. ಹೊರಗೆ ಬನ್ನಿ. ಎರಡೇ ಮಾತು. ನನಗೆ ಮೈ ಸರಿ ಇರಲಿಲ್ಲ, ನೀರು ನೆರಳು ಎಲ್ಲಾ ಕೊಟ್ಟಿದ್ರು, ಆ ಪಾರ್ಟಿಯವರು ಸುಳ್ಳು ಹಬ್ಬಿಸ್ತಿದಾರೆ ಅಂತ ಹೇಳ್ಬಿಡಿ. ಪಿಂಚಣಿ ನಾಳೇನೇ ಮಾಡಿಸ್ಕೊಡ್ತೀನಿ. ದೇವರಾಣೆ."

ಬೀದಿ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ರು. ವಿಮಲಮ್ಮ ಹಾಗೆ ಹೇಳಿದ್ರೂ ನಾನು ತಪ್ಪು ಅನ್ನೋ ಹಾಗಿರಲಿಲ್ಲ. ಅವಳ ಮನೇಲಿ ಅಕ್ಕಿ ಡಬ್ಬ ಬರೀದಾಗಿತ್ತು. ನನಗೆ ಗೊತ್ತಿತ್ತು.

ಚಿಲಕ ತೆಗೆದ ಸದ್ದಾಯ್ತು. ವಿಮಲಮ್ಮ ಹೊರಗೆ ಬಂದ್ಲು. ಸೊರಗಿದ್ಲು. ಬೆಳಕಿಗೆ ಕಣ್ಣು ಕಿರಿದು ಮಾಡಿ ಅವನನ್ನ ನೋಡಿದ್ಲು. ಫೋನಿನವನು ಫೋನ್ ಎತ್ತಿದ.

"ಹಿಡಿದಿದೀಯಾ?" ಅಂತ ಕೇಳಿದ್ಲು.

"ಹಿಡಿದಿದೀನಿ ಅಮ್ಮ, ಹೇಳಿ."

"ಉಚ್ಚೆ ಹೊಯ್ದದ್ದು ನಾನೇ. ಮುದುಕಿ, ಶುಗರ್ ಇದೆ, ತಡೆಯೋಕೆ ಆಗಲಿಲ್ಲ, ಹೊಯ್ದೆ. ಬೀಗ ಹಾಕಿಸಿದ್ದು ಇವನ ಸಾಹೇಬ್ರಿಗೋಸ್ಕರ. ರಟ್ಟೆ ಹಿಡಿದು ಎಳ್ಕೊಂಡು ಹೋಗಿ ಕೂರಿಸಿದ್ದು ಇವನು. ನಾನು ಇಷ್ಟು ದಿನ ಒಳಗೆ ಕೂತಿದ್ದೆ, ಇವನು ಊರೆಲ್ಲಾ ತಿರುಗ್ತಿದ್ದ."

ಶಿವರಾಜ್ "ಏ, ಆಫ್ ಮಾಡೋ, ಆಫ್ ಮಾಡೋ" ಅಂದ. ಹುಡುಗ ಗಾಬರೀಲಿ ಫೋನೇ ಕೆಳಗೆ ಬೀಳಿಸಿದ.

"ಅಮ್ಮಾ, ಪಿಂಚಣಿ..."

"ಅದು ಸರ್ಕಾರದ್ದಪ್ಪ. ನಿನ್ನ ಅಪ್ಪನದ್ದಲ್ಲ. ನನ್ನ ಬೆರಳು ಸವೆದಿದೆ, ಕಾಲು ಸವೆದಿಲ್ಲ. ನಾಳೆ ಕಚೇರಿಗೆ ನಾನೇ ಹೋಗ್ತೀನಿ. ಕೊಡೋ ತನಕ ಅಲ್ಲೇ ಕೂತ್ಕೊಳ್ತೀನಿ. ನನ್ನ ಕೂರಿಸಿದ್ರೆ ಏನಾಗುತ್ತೆ ಅಂತ ನಿಮಗೆಲ್ಲಾ ಗೊತ್ತಲ್ಲ."

ಬೀದಿ ನಕ್ಕಿತು. ಅವಳು ನಗಲಿಲ್ಲ. ಅವನ ಕೈಯಲ್ಲಿದ್ದ ಕವರನ್ನ ಒಂದು ಬೆರಳಲ್ಲಿ ಅವನ ಕಡೆಗೇ ತಳ್ಳಿದ್ಲು.

"ಈ ಸೀರೆ ನಿಮ್ಮ ಮಂತ್ರಿಗೆ ಉಡಿಸು. ಅವತ್ತು ಅವನಿಗೂ ಅರ್ಜೆಂಟ್ ಆಗಿತ್ತಂತಲ್ಲ. ಪಾಪ, ಕಾರಲ್ಲಿ ಏನಾಯ್ತೋ."

ಆಮೇಲೆ ನನ್ನ ಕಡೆ ತಿರುಗಿ, "ಶಂಕರಿ, ನಾಳೆ ನಿನಗೆ ಮದುವೆ ಮನೆ ಕೆಲಸ ಇದೆಯಾ?" ಅಂದ್ಲು.

"ಇಲ್ಲಕ್ಕ."

"ಹಾಗಾದ್ರೆ ಬುತ್ತಿ ಕಟ್ಕೋ" ಅಂದ್ಲು.